ರಾ ಅಥವಾ ಜೆಪೆಗ್: ಕ್ಲಿಕ್ಕಿಸುವ ಮೊದಲೇ ತೀರ್ಮಾನಿಸುವ ಕ್ರಮ

ಛಾಯಾಗ್ರಹಣ ಕಲಿಯುತ್ತಿರುವವರು ನನ್ನ ಬಳಿ ತರುವ ದೂರುಗಳು ಹೆಚ್ಚುಕಡಿಮೆ ಮೂರೇ. ಒಬ್ಬರ ಹಾರ್ಡ್ ಡಿಸ್ಕ್ ತುಂಬ ರಾ ಫೈಲುಗಳಿವೆ (ಕ್ಯಾಮೆರಾ ಅಳೆದದ್ದನ್ನು ಸಂಸ್ಕರಿಸದೆ ಹಾಗೇ ಇಟ್ಟವು), ಅವುಗಳಲ್ಲಿ ಒಂದನ್ನೂ ತೆರೆದು ನೋಡಿಲ್ಲ. ಇನ್ನೊಬ್ಬರು ರಾಗೆ ಬದಲಾದ ದಿನದಿಂದ ಚಿತ್ರಗಳೆಲ್ಲ ಸಪ್ಪೆಯಾಗಿವೆ ಎಂದು ಕ್ಯಾಮೆರಾವನ್ನೇ ಅನುಮಾನಿಸುತ್ತಾರೆ. ಮತ್ತೊಬ್ಬರು ಜೆಪೆಗ್‌ನಲ್ಲಿ ತೆಗೆದ ಸೂರ್ಯಾಸ್ತವನ್ನು ತಿದ್ದಲು ಹೋಗಿ ಆಕಾಶದ ತುಂಬ ಪಟ್ಟೆಗಳನ್ನು ಎಬ್ಬಿಸಿಕೊಂಡಿರುತ್ತಾರೆ.

ಮೂವರೂ ಎಡವಿದ್ದು ಒಂದೇ ಕಡೆ. ಫಾರ್ಮ್ಯಾಟ್ ಎಂದರೆ ಗುಣಮಟ್ಟದ ಮೆಟ್ಟಿಲು, ರಾ ಮೇಲಿನದು, ಜೆಪೆಗ್ ಕೆಳಗಿನದು ಎಂದು ಅವರು ತಿಳಿದಿದ್ದಾರೆ. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಚಿತ್ರವನ್ನು ಸಂಸ್ಕರಿಸುವವರು ಯಾರು? ಕ್ಯಾಮೆರಾ ಆ ಕ್ಷಣದಲ್ಲೇ ಮಾಡಿ ಮುಗಿಸಬೇಕೇ, ಇಲ್ಲ ನೀವು ಆಮೇಲೆ ಕುಳಿತು ಮಾಡುವಿರೇ? ಇದಕ್ಕೆ ಉತ್ತರ ಕ್ಲಿಕ್ಕಿಸುವ ಮೊದಲೇ ಸಿಗಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ಎರಡನೆಯ ಹಂತವನ್ನು ಮಾತ್ರ ದಯವಿಟ್ಟು ಓದಿ ಬಿಟ್ಟುಬಿಡಬೇಡಿ, ಕೈಯಾರೆ ಮಾಡಿ ನೋಡಿ.

## ಕೈಗೆ ಬೇಕಾದ ಸಾಮಗ್ರಿ

ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ದಾಖಲಿಸುವ ಕ್ಯಾಮೆರಾ, ಟ್ರೈಪಾಡ್ ಅಥವಾ ಅಲುಗಾಡದ ಮೇಜು, ಎರಡು ಮೆಮೊರಿ ಕಾರ್ಡ್, ಒಂದು ಕಂಪ್ಯೂಟರ್ ಮತ್ತು ರಾ ತೆರೆಯುವ ತಂತ್ರಾಂಶ ಬೇಕು. ತಂತ್ರಾಂಶಕ್ಕೆ ಹಣ ಕೊಡಲೇಬೇಕೆಂದಿಲ್ಲ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಉಚಿತವಾಗಿ ಸಿಗುತ್ತವೆ. ಕ್ಯಾನನ್ ಇರುವವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್ ಇರುವವರಿಗೆ ಎನ್‌ಎಕ್ಸ್ ಸ್ಟುಡಿಯೊ ಕೂಡ ಉಚಿತವೇ.

ಜಾಗದ ಲೆಕ್ಕವನ್ನೂ ಈಗಲೇ ಹಾಕಿಬಿಡಿ. 24 ಮೆಗಾಪಿಕ್ಸೆಲ್ ಸೆನ್ಸರ್ ಪ್ರತಿ ಬಿಂದುವಿಗೂ 14 ಬಿಟ್ ಮಾಹಿತಿ ಬರೆದರೆ ಸಂಕುಚಿಸದ ಒಂದು ರಾ ಫೈಲ್ ಸುಮಾರು 42 ಮೆಗಾಬೈಟ್ ಆಗುತ್ತದೆ. ನಷ್ಟವಿಲ್ಲದೆ ಸಂಕುಚಿಸಿದರೆ ಇದು ಗಣನೀಯವಾಗಿ ಇಳಿಯುತ್ತದೆ. ಅದೇ ದೃಶ್ಯದ ಉತ್ತಮ ಗುಣಮಟ್ಟದ ಜೆಪೆಗ್ ಇದರ ಒಂದು ಸಣ್ಣ ಪಾಲಿನಷ್ಟೇ ಇರುತ್ತದೆ. ಒಂದು ಮೂಲ ಮತ್ತು ಒಂದು ಪ್ರತಿ ಎಂದು ಎಲ್ಲವನ್ನೂ ಎರಡರಿಂದ ಗುಣಿಸಿ ಜಾಗ ನೋಡಿಕೊಳ್ಳಿ.

## ಹಂತ 1: ಎರಡು ಫೈಲುಗಳ ಒಳಗೆ ಏನಿದೆ ಎಂದು ತಿಳಿಯಿರಿ

ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಪ್ರತಿ ಬಿಂದುವಿನ ಮೇಲೂ ಒಂದೇ ಬಣ್ಣದ ಶೋಧಕ ಇರುತ್ತದೆ. ಅರ್ಧದಷ್ಟು ಬಿಂದುಗಳು ಹಸಿರನ್ನು, ಕಾಲು ಭಾಗ ಕೆಂಪನ್ನು, ಉಳಿದ ಕಾಲು ಭಾಗ ನೀಲಿಯನ್ನು ಅಳೆಯುತ್ತವೆ. ರಾ ಫೈಲ್ ಎಂದರೆ ಈ ಅಳತೆಗಳ ಪಟ್ಟಿ. ಬಣ್ಣಗಳನ್ನು ಕೂಡಿಸಿ ಚಿತ್ರ ಕಟ್ಟುವ ಕೆಲಸ ಇನ್ನೂ ನಡೆದಿರುವುದಿಲ್ಲ. ಕ್ಯಾನನ್‌ನಲ್ಲಿ ಇದರ ಹೆಸರು ಸಿಆರ್3, ನಿಕಾನ್‌ನಲ್ಲಿ ಎನ್‌ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯು, ಫ್ಯೂಜಿಫಿಲ್ಮ್‌ನಲ್ಲಿ ಆರ್‌ಎಎಫ್. ಹೆಸರು ಯಾವುದಾದರೂ ತಿರುಳು ಒಂದೇ.

ಜೆಪೆಗ್ ಮಾಡುವಾಗ ಕ್ಯಾಮೆರಾ ಆ ಅಳತೆಗಳಿಂದ ಚಿತ್ರ ಕಟ್ಟಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು), ಕಾಂಟ್ರಾಸ್ಟ್, ಬಣ್ಣದ ಗಾಢತೆ, ಚೂಪುಗೊಳಿಸುವಿಕೆ ಎಲ್ಲವನ್ನೂ ಚಿತ್ರಕ್ಕೆ ಬೆರೆಸಿ, ಪ್ರತಿ ಬಣ್ಣಕ್ಕೆ 8 ಬಿಟ್ ಉಳಿಸಿಕೊಂಡು ಮಿಕ್ಕಿದ್ದನ್ನು ಎಸೆಯುತ್ತದೆ. ಕೊನೆಗೆ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಸುಲಭವಾಗಿ ತಿಳಿಯದ ಸೂಕ್ಷ್ಮಗಳನ್ನು ಕಳೆದು ಗಾತ್ರ ಇಳಿಸುತ್ತದೆ. ಹೀಗೆ ಎಸೆದದ್ದು ಮತ್ತೆ ಸಿಗುವುದಿಲ್ಲ.

ಅಂಕೆಗಳಲ್ಲಿ ಹೇಳುವುದಾದರೆ 8 ಬಿಟ್ ಎಂದರೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳು, 14 ಬಿಟ್ ಎಂದರೆ 16,384. ಸೆನ್ಸರ್ ಬೆಳಕನ್ನು ನೇರ ಲೆಕ್ಕದಲ್ಲಿ ಅಳೆಯುವುದರಿಂದ ಈ ಮೆಟ್ಟಿಲುಗಳಲ್ಲಿ ಅರ್ಧ, ಅಂದರೆ 8,192, ಅತಿ ಹೆಚ್ಚು ಹೊಳಪಿನ ಒಂದೇ ಸ್ಟಾಪ್‌ಗೆ (ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಒಂದು ಹೆಜ್ಜೆಗೆ) ಸಲ್ಲುತ್ತವೆ. ಅದರ ಕೆಳಗಿನ ಸ್ಟಾಪ್‌ಗೆ 4,096, ಅದರ ಕೆಳಗೆ 2,048. ನೆರಳಿಗೆ ಇಳಿದಂತೆ ಮಾಹಿತಿ ತೆಳುವಾಗುತ್ತದೆ. ಐದನೆಯ ಹಂತದಲ್ಲಿ ಈ ಲೆಕ್ಕ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೀವು ನೋಡುವುದು ರಾ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ರಾ ಫೈಲಿನೊಳಗೆ ಹುದುಗಿಸಿಟ್ಟ ಸಣ್ಣ ಜೆಪೆಗ್ ಅಲ್ಲಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದು ಕ್ಷಣ ಕಳೆಕಳೆಯಾಗಿ ಕಂಡು ಮರುಕ್ಷಣವೇ ಚಿತ್ರ ಮಂಕಾಗುವುದಕ್ಕೆ ಇದೇ ಕಾರಣ: ಮೊದಲು ಆ ಸಣ್ಣ ಜೆಪೆಗ್ ಬರುತ್ತದೆ, ಆಮೇಲೆ ತಂತ್ರಾಂಶ ತನ್ನದೇ ಲೆಕ್ಕದಲ್ಲಿ ರಾವನ್ನು ಕಟ್ಟಿ ತೋರಿಸುತ್ತದೆ. ನಿಮ್ಮ ಕ್ಯಾಮೆರಾ ಚೆನ್ನಾಗಿಯೇ ಇದೆ.

## ಹಂತ 2: ಕಿಟಕಿಯ ಎದುರು ಒಂದು ಪ್ರಯೋಗ ಮಾಡಿ

ಹಗಲು ಹೊತ್ತಿನಲ್ಲಿ ಕಿಟಕಿ, ಅದರ ತಿಳಿಬಣ್ಣದ ಪರದೆ ಮತ್ತು ಕೋಣೆಯ ಕತ್ತಲೆ ಮೂಲೆ ಮೂರೂ ಚೌಕಟ್ಟಿಗೆ ಬರುವಂತೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ರಾ ಮತ್ತು ಜೆಪೆಗ್ ಎರಡೂ ದಾಖಲಾಗುವ ಆಯ್ಕೆ ಇಡಿ. ವೈಟ್ ಬ್ಯಾಲೆನ್ಸನ್ನು ಬೇಕೆಂದೇ ತಪ್ಪಾಗಿ, ಟಂಗ್‌ಸ್ಟನ್ ಬಲ್ಬಿನ ಗುರುತಿಗೆ ಹೊಂದಿಸಿ. ಇಡೀ ಚಿತ್ರ ನೀಲಿಯಾಗುತ್ತದೆ. ಈಗ ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್ ವೇಗವನ್ನು ಮಾತ್ರ ಬದಲಿಸುತ್ತ ನಾಲ್ಕು ಚಿತ್ರ ತೆಗೆಯಿರಿ: ಸರಿಯಾದ ಎಕ್ಸ್‌ಪೋಶರ್ (ದಾಖಲಾಗುವ ಬೆಳಕಿನ ಪ್ರಮಾಣ), ಎರಡು ಸ್ಟಾಪ್ ಕಡಿಮೆ, ಒಂದು ಸ್ಟಾಪ್ ಹೆಚ್ಚು, ಮೂರು ಸ್ಟಾಪ್ ಹೆಚ್ಚು.

ಕಂಪ್ಯೂಟರಿನಲ್ಲಿ ಮೊದಲು ವೈಟ್ ಬ್ಯಾಲೆನ್ಸ್ ಸರಿಪಡಿಸಿ. ರಾದಲ್ಲಿ ಇದು ಒಂದೇ ಕ್ಲಿಕ್ಕಿನ ಕೆಲಸ, ಏಕೆಂದರೆ ವೈಟ್ ಬ್ಯಾಲೆನ್ಸ್ ಅಲ್ಲಿ ಬರಿಯ ಟಿಪ್ಪಣಿಯಾಗಿ ಕುಳಿತಿರುತ್ತದೆ. ಜೆಪೆಗ್‌ನಲ್ಲಿ ಗೋಡೆಯನ್ನು ಬೆಳ್ಳಗೆ ಮಾಡಿದರೆ ಮರದ ಬಣ್ಣ ಸತ್ತಂತಿರುತ್ತದೆ, ಮರವನ್ನು ಸರಿಮಾಡಿದರೆ ನೆರಳಿನಲ್ಲಿ ನೀಲಿ ಉಳಿಯುತ್ತದೆ. ಕೆಂಪಿನ ಸೂಕ್ಷ್ಮ ಮೆಟ್ಟಿಲುಗಳು ಆಗಲೇ ಹೋಗಿವೆ.

ಎರಡು ಸ್ಟಾಪ್ ಕಡಿಮೆ ಇರುವ ಚಿತ್ರವನ್ನು ಅಷ್ಟೇ ಮೇಲೆತ್ತಿ, ಕತ್ತಲೆ ಮೂಲೆಯನ್ನು ಶೇ. 100 ಗಾತ್ರದಲ್ಲಿ ನೋಡಿ. ರಾದಲ್ಲಿ ಸಣ್ಣ ಮರಳಿನಂಥ ಕಣಗಳು ಕಾಣುತ್ತವೆ, ಆದರೆ ಅವುಗಳ ಹಿಂದೆ ಕುರ್ಚಿಯ ಕಾಲು, ನೆಲದ ಗೆರೆ ಎಲ್ಲವೂ ಇವೆ. ಜೆಪೆಗ್‌ನಲ್ಲಿ ಅದೇ ಜಾಗ ಹಸಿರು, ನೇರಳೆ ತೇಪೆಗಳಾಗಿರುತ್ತದೆ. ಇನ್ನೂ ಹಿಗ್ಗಿಸಿದರೆ 8×8ರ ಚೌಕಗಳ ಅಂಚುಗಳೇ ಕಣ್ಣಿಗೆ ಬೀಳಬಹುದು.

ಒಂದು ಸ್ಟಾಪ್ ಹೆಚ್ಚಿರುವ ಚಿತ್ರದಲ್ಲಿ ಕಿಟಕಿಯ ಪರದೆಯನ್ನು ನೋಡಿ. ಹೊಳಪು ಇಳಿಸಿದಾಗ ರಾದಲ್ಲಿ ಸಾಮಾನ್ಯವಾಗಿ ಬಟ್ಟೆಯ ಮಡಿಕೆಗಳು ಮರಳುತ್ತವೆ. ಜೆಪೆಗ್‌ನಲ್ಲಿ ಬಿಳಿ ಇದ್ದದ್ದು ಬೂದು ಆಗುತ್ತದೆಯೇ ಹೊರತು ಮಡಿಕೆ ಬರುವುದಿಲ್ಲ. ಮೂರು ಸ್ಟಾಪ್ ಹೆಚ್ಚಿರುವ ಚಿತ್ರದಲ್ಲಿ ಬಹುಪಾಲು ರಾ ಕೂಡ ಕೈಬಿಡುತ್ತದೆ. ಸೆನ್ಸರ್‌ನ ಬಿಂದು ತುಂಬಿ ಹೋದ ಮೇಲೆ ಅಲ್ಲಿ ಮಾಹಿತಿ ಎಂಬುದೇ ಇರುವುದಿಲ್ಲ. ನಿಮ್ಮ ಕ್ಯಾಮೆರಾ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಬಿಟ್ಟುಬಿಡುತ್ತದೆ ಎಂಬ ಗಡಿ ಈಗ ನಿಮ್ಮ ಕಣ್ಣಿಗೇ ಕಂಡಿತು. ಅದನ್ನು ಬರೆದಿಟ್ಟುಕೊಳ್ಳಿ. ಯಾರದೋ ಪರೀಕ್ಷೆಯ ಫಲಿತಾಂಶಕ್ಕಿಂತ ನಿಮಗೆ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

## ಹಂತ 3: ಮೂರು ಪ್ರಶ್ನೆ ಕೇಳಿ ತೀರ್ಮಾನಿಸಿ

ಬೆಳಕು ನನ್ನ ಹಿಡಿತದಲ್ಲಿದೆಯೇ? ಮೋಡ ಮುಸುಕಿದ ಹಗಲು, ಸ್ಟುಡಿಯೊ ದೀಪ, ಒಂದೇ ಬಗೆಯ ಬೆಳಕಿನ ಕೋಣೆ, ಇಂಥ ಕಡೆ ಕ್ಯಾಮೆರಾದ ಜೆಪೆಗ್ ಅತ್ಯುತ್ತಮವಾಗಿಯೇ ಬರುತ್ತದೆ. ಎದುರು ಬಿಸಿಲು, ವೇದಿಕೆಯ ಬಣ್ಣದ ದೀಪಗಳು, ಕಿಟಕಿಯ ಬೆಳಕಿನೊಂದಿಗೆ ಬೆರೆತ ಬಲ್ಬಿನ ಬೆಳಕು, ಬಿಸಿಲಲ್ಲಿ ಬಿಳಿ ಉಡುಪು ಮತ್ತು ಕಪ್ಪು ಉಡುಪು ಅಕ್ಕಪಕ್ಕ ಇದ್ದರೆ ರಾ ಇಡಿ.

ಈ ಚಿತ್ರಗಳ ಮುಂದೆ ನಾನು ಕುಳಿತು ಕೆಲಸ ಮಾಡುವೆನೇ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸುವುದು ಕಷ್ಟ. ಇನ್ನೂರು ಚಿತ್ರ ತೆಗೆದು ಹತ್ತನ್ನು ತಿದ್ದುವ ಸಮಯವೂ ಇಲ್ಲ ಎಂದಾದರೆ ಜೆಪೆಗ್ ಆರಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಸಂಸ್ಕರಿಸದೆ ಬಿದ್ದಿರುವ ರಾ ಫೈಲನ್ನು ಮನೆಯವರು ನೋಡಲಾರರು, ಮುದ್ರಿಸಲಾಗದು, ಹಂಚಲಾಗದು.

ಚಿತ್ರ ಯಾರಿಗೆ, ಯಾವಾಗ ಬೇಕು? ಹತ್ತು ನಿಮಿಷದಲ್ಲಿ ಕಳುಹಿಸಬೇಕಾದ ಸುದ್ದಿಚಿತ್ರಕ್ಕೂ ಕ್ರೀಡೆಗೂ ಜೆಪೆಗ್ ಸಹಜ ಆಯ್ಕೆ. ಕೆಲವು ಕಡೆ ಅದು ಕಡ್ಡಾಯ ಕೂಡ: ರಾಯಿಟರ್ಸ್ ಸುದ್ದಿಸಂಸ್ಥೆ 2015ರ ನವೆಂಬರ್‌ನಲ್ಲಿ ತನಗೆ ಚಿತ್ರ ಕಳುಹಿಸುವ ಸ್ವತಂತ್ರ (ಫ್ರೀಲಾನ್ಸ್) ಛಾಯಾಗ್ರಾಹಕರಿಗೆ ರಾದಿಂದ ಸಂಸ್ಕರಿಸಿದ ಚಿತ್ರ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ದಾಖಲಾದದ್ದನ್ನೇ ಕಳುಹಿಸಿ ಎಂದು ಸೂಚಿಸಿತು. ವೇಗ ಮತ್ತು ಚಿತ್ರದ ನೈಜತೆ ಎರಡೂ ಅದರ ಕಾರಣಗಳಾಗಿದ್ದವು. ಇದಕ್ಕೆ ವಿರುದ್ಧವಾಗಿ, ವನ್ಯಜೀವಿ ಛಾಯಾಗ್ರಹಣದ ದೊಡ್ಡ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಚಿತ್ರದ ಮೂಲ ರಾ ಫೈಲನ್ನು ಕೇಳುವುದುಂಟು. ಸ್ಪರ್ಧೆಗೆ ಕಳುಹಿಸುವ ಆಸೆಯಿದ್ದರೆ ನಿಯಮಾವಳಿಯನ್ನು ಚಿತ್ರ ತೆಗೆಯುವ ಮೊದಲೇ ಓದಿ.

ಹಕ್ಕಿ ಹಾರುವಾಗ, ಓಟದ ಕೊನೆಯಲ್ಲಿ ಒಂದೇ ಸಮನೆ ಕ್ಲಿಕ್ಕಿಸುವವರು ಇನ್ನೊಂದನ್ನು ಗಮನಿಸಬೇಕು. ರಾ ಫೈಲುಗಳು ದೊಡ್ಡವಾದ್ದರಿಂದ ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಬೇಗ ತುಂಬಿ ಶಟರ್ ತಡವರಿಸುತ್ತದೆ. ಅದು ತಡವರಿಸುವುದು ಬೇಕಾದ ಕ್ಷಣದಲ್ಲೇ! ಶಟರ್ ಒತ್ತಿ ಹಿಡಿದು, ವೇಗ ಕುಗ್ಗುವ ಮೊದಲು ಎಷ್ಟು ಚಿತ್ರ ಬಂದವು ಎಂದು ಮನೆಯಲ್ಲೇ ಎಣಿಸಿ. ಸಾಲದಿದ್ದರೆ ವೇಗದ ಕಾರ್ಡ್ ಬಳಸಿ, ಇಲ್ಲವೇ ಆ ಸಂದರ್ಭಕ್ಕೆ ಜೆಪೆಗ್‌ಗೆ ಬದಲಾಗಿ.

ಇನ್ನೂ ತೀರ್ಮಾನವಾಗದಿದ್ದರೆ ಎರಡನ್ನೂ ದಾಖಲಿಸಿ. ಆದರೆ ಇದು ಮೊದಲ ಕೆಲವು ತಿಂಗಳ ಊರುಗೋಲಾಗಿರಲಿ. ಎಲ್ಲ ಕಾಲಕ್ಕೂ ಎರಡನ್ನೂ ಇಟ್ಟುಕೊಂಡರೆ ಆರಿಸುವ, ಅಳಿಸುವ ಕೆಲಸ ಇಮ್ಮಡಿಯಾಗುತ್ತದೆ, ಒಂದನ್ನು ಅಳಿಸಿ ಇನ್ನೊಂದನ್ನು ಮರೆತ ಗೊಂದಲ ಬೇರೆ.

## ಹಂತ 4: ಮೆನು ಹೊಂದಿಸಿ

1. ಮೋಡ್ ಡಯಲ್ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ದೃಶ್ಯ ಮೋಡ್‌ಗಳು, ವಿಶೇಷ ಪರಿಣಾಮಗಳು ಜೆಪೆಗ್ ಮಾತ್ರ ಕೊಡುತ್ತವೆ. ರಾ ಆರಿಸಲಾಗದೆ ಮಸುಕಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

2. ರಾ ಸಂಕೋಚನದ ಆಯ್ಕೆ ಇದ್ದರೆ ನಷ್ಟರಹಿತ ಸಂಕೋಚನ ಆರಿಸಿ. ಜಾಗ ಉಳಿಯುತ್ತದೆ, ಮಾಹಿತಿ ಹೋಗುವುದಿಲ್ಲ.

3. ಜೆಪೆಗ್ ಆದರೆ ದೊಡ್ಡ ಗಾತ್ರ, ಕನಿಷ್ಠ ಸಂಕೋಚನ. ಬಣ್ಣದ ವ್ಯಾಪ್ತಿ ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿ ಇಟ್ಟ ಜೆಪೆಗ್ ಅನೇಕ ಪರದೆಗಳಲ್ಲಿ ಕಳೆಗುಂದಿ ಕಾಣುತ್ತದೆ. ರಾದ ಅಳತೆಗಳಿಗೆ ಈ ಆಯ್ಕೆ ತಾಗುವುದಿಲ್ಲ.

4. ಹೊಳಪು ಕಾಯುವ ಆಯ್ಕೆಗಳನ್ನು ರಾ ತೆಗೆಯುವಾಗ ಆಫ್ ಮಾಡಿಡಿ. ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ, ಫ್ಯೂಜಿಫಿಲ್ಮ್‌ನ ಡಿಆರ್200 ಮತ್ತು ಡಿಆರ್400 ಮೊದಲು ಬೆಳಕನ್ನು ಕಡಿಮೆ ದಾಖಲಿಸಿ ಆಮೇಲೆ ಮೇಲೆತ್ತುತ್ತವೆ. ಜೆಪೆಗ್‌ಗೆ ಇದು ನಿಜವಾದ ಸಹಾಯ. ರಾದಲ್ಲಿ ಮಾತ್ರ ನೆರಳುಗಳಲ್ಲಿ ಅನಗತ್ಯ ಕಣಗಳನ್ನು ಕೊಡುತ್ತದೆ.

5. ಎರಡು ಕಾರ್ಡಿನ ಕ್ಯಾಮೆರಾ ಆದರೆ ಒಂದಕ್ಕೆ ರಾ, ಇನ್ನೊಂದಕ್ಕೆ ಜೆಪೆಗ್ ಹೋಗುವಂತೆ ಇಡಿ.

ಮನೆಯಿಂದ ಹೊರಡುವ ಮೊದಲು ಒಂದು ಚಿತ್ರ ತೆಗೆದು ಫೈಲಿನ ಮಾಹಿತಿ ನೋಡಿ. ಅರ್ಧ ನಿಮಿಷದ ಈ ಪರೀಕ್ಷೆ ಮಾಡದೆ ಇಡೀ ದಿನ ಸಣ್ಣ ಗಾತ್ರದ ಜೆಪೆಗ್ ತೆಗೆದುಕೊಂಡು ಬಂದವರನ್ನು ನಾನು ಬಲ್ಲೆ.

## ಹಂತ 5: ಫಾರ್ಮ್ಯಾಟಿಗೆ ತಕ್ಕಂತೆ ಬೆಳಕು ಅಳೆಯಿರಿ

ಜೆಪೆಗ್ ತೆಗೆಯುವಾಗ ಕ್ಲಿಕ್ಕಿಸುವ ಕ್ಷಣದಲ್ಲೇ ಎಲ್ಲವೂ ಸರಿಯಿರಬೇಕು. ವೈಟ್ ಬ್ಯಾಲೆನ್ಸನ್ನು ಬೂದು ಕಾರ್ಡಿನಿಂದ ಹೊಂದಿಸಿ, ಬೆಳಕು ಬದಲಾದಾಗಲೆಲ್ಲ ಮತ್ತೆ ಹೊಂದಿಸಿ. ಮುಖ್ಯವಾದ ಹೊಳಪಿನ ಭಾಗ ಹಿಸ್ಟೋಗ್ರಾಮ್‌ನ (ಎಡದ ಕಪ್ಪಿನಿಂದ ಬಲದ ಬಿಳುಪಿನವರೆಗೆ ಬೆಳಕು ಹೇಗೆ ಹರಡಿದೆ ಎಂದು ತೋರಿಸುವ ನಕ್ಷೆಯ) ಬಲ ಅಂಚಿಗೆ ತಗಲದಂತೆ ನೋಡಿಕೊಳ್ಳಿ. ನೆರಳನ್ನು ಸ್ವಲ್ಪ ಎತ್ತಬಹುದು, ಹೋದ ಬಿಳುಪನ್ನು ಕರೆತರಲಾಗದು.

ರಾದಲ್ಲಿ ಮೇಲಿನ ಮೆಟ್ಟಿಲುಗಳ ಲೆಕ್ಕ ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಮಾಹಿತಿ ಹೊಳಪಿನ ಕಡೆ ಇರುವುದರಿಂದ, ಬೆಳಕು ಕತ್ತರಿಸಿ ಹೋಗದಷ್ಟರ ಮಟ್ಟಿಗೆ ಎಕ್ಸ್‌ಪೋಶರನ್ನು ಬಲಕ್ಕೆ ತಳ್ಳಿ, ಆಮೇಲೆ ಇಳಿಸಿಕೊಂಡರೆ ನೆರಳು ಸ್ವಚ್ಛವಾಗಿ ಬರುತ್ತದೆ. ಆದರೆ ಕ್ಯಾಮೆರಾದ ಹಿಸ್ಟೋಗ್ರಾಮ್ ಲೆಕ್ಕ ಹಾಕುವುದು ಆ ಹುದುಗಿದ ಜೆಪೆಗ್‌ನಿಂದ. ಪಿಕ್ಚರ್ ಸ್ಟೈಲನ್ನು (ಜೆಪೆಗ್‌ಗೆ ಕ್ಯಾಮೆರಾ ಕೊಡುವ ಬಣ್ಣದ ಶೈಲಿಯನ್ನು) ತಟಸ್ಥಕ್ಕೆ, ಕಾಂಟ್ರಾಸ್ಟನ್ನು ಕಡಿಮೆಗೆ ಇಟ್ಟರೆ ಅದು ರಾದ ಸ್ಥಿತಿಗೆ ಹತ್ತಿರವಾಗುತ್ತದೆ.

ಹೊಳಪಿನ ಹಿಸ್ಟೋಗ್ರಾಮ್ ಒಂದನ್ನೇ ನಂಬಬೇಡಿ. ಇದನ್ನು ನಾನು ಕಲಿತದ್ದು ಒಂದು ನೃತ್ಯ ಪ್ರದರ್ಶನದಲ್ಲಿ. ವೇದಿಕೆಯ ಮೇಲೆ ಕಡುಗೆಂಪು ಎಲ್‌ಇಡಿ ದೀಪ, ಕ್ಯಾಮೆರಾದಲ್ಲಿ ಜೆಪೆಗ್. ಹಿಸ್ಟೋಗ್ರಾಮ್ ಮಧ್ಯದಲ್ಲೇ ಇತ್ತು, ನೆಮ್ಮದಿಯಿಂದ ಕ್ಲಿಕ್ಕಿಸುತ್ತ ಹೋದೆ. ಮನೆಗೆ ಬಂದು ನೋಡಿದರೆ ನರ್ತಕಿಯ ಕೆನ್ನೆ, ಮೂಗು, ಹಣೆ ಎಲ್ಲವೂ ಸೇರಿ ಒಂದೇ ಕೆಂಪು ತೇಪೆ. ಕಣ್ಣಿನ ಕಾಡಿಗೆಯ ಗೆರೆ ಬಿಟ್ಟರೆ ಮುಖದಲ್ಲಿ ಯಾವ ತಿರುವೂ ಉಳಿದಿರಲಿಲ್ಲ. ಕೆಂಪು ವಾಹಿನಿ (ಕೆಂಪು ಬಣ್ಣದ ಅಳತೆ) ಪೂರ್ತಿ ತುಂಬಿ ಹರಿದಿತ್ತು, ಹಸಿರು ಮತ್ತು ನೀಲಿ ಬಹುತೇಕ ಖಾಲಿ ಇದ್ದವು, ಮೂರರ ಒಟ್ಟು ಲೆಕ್ಕ ಮಾತ್ರ ಸಮವಾಗಿ ಕಂಡಿತ್ತು. ರಾ ಇಟ್ಟಿದ್ದರೆ ಒಂದಿಷ್ಟು ಉಳಿಯುತ್ತಿತ್ತು. ಅದರ ಜೊತೆಗೆ ಒಂದು ಸ್ಟಾಪ್ ಇಳಿಸಿದ್ದರೆ ಮುಖವೇ ಉಳಿಯುತ್ತಿತ್ತು. ಆಕೆಗೆ ಆ ಚಿತ್ರಗಳನ್ನು ಕೊಡಲಾಗದ ನೋವು ಇನ್ನೂ ಇದೆ. ಬಣ್ಣದ ದೀಪ, ಕೆಂಪು ಹೂವು, ಸೂರ್ಯಾಸ್ತ ಎದುರಿದ್ದಾಗ ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮನ್ನೇ ತೆರೆದಿಟ್ಟುಕೊಳ್ಳಿ.

ಫೋಕಸ್ ತಪ್ಪಿದ್ದನ್ನು, ಕೈ ಅಲುಗಿದ್ದನ್ನು ರಾ ಸರಿಮಾಡುವುದಿಲ್ಲ.

## ಹಂತ 6: ರಾ ಫೈಲುಗಳನ್ನು ಈ ಕ್ರಮದಲ್ಲಿ ಮುಗಿಸಿ

ಮೊದಲು ನಕಲು. ಕಾರ್ಡಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಇನ್ನೊಂದು ಡಿಸ್ಕಿಗೆ. ಎರಡೂ ಕಡೆ ಫೈಲುಗಳು ತೆರೆಯುತ್ತವೆ ಎಂದು ಖಚಿತವಾಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ.

ಆಮೇಲೆ ಆಯ್ಕೆ. ತಿದ್ದುವ ಮೊದಲು ಆರಿಸಿ. ಮೊದಲ ಚಿತ್ರಕ್ಕೇ ಅರ್ಧ ಗಂಟೆ ಸುರಿದು ಸುಸ್ತಾಗಿ, ಉಳಿದ ನೂರನ್ನು ಹಾಗೇ ಬಿಡುವುದೇ ಹಾರ್ಡ್ ಡಿಸ್ಕ್ ತುಂಬುವ ದಾರಿ. ಆರಿಸಿದವನ್ನು ಮಾತ್ರ ತಿದ್ದಿ: ವೈಟ್ ಬ್ಯಾಲೆನ್ಸ್, ಒಟ್ಟು ಎಕ್ಸ್‌ಪೋಶರ್, ಹೊಳಪು ಮತ್ತು ನೆರಳು, ಕಾಂಟ್ರಾಸ್ಟ್, ಬಣ್ಣ, ಕಣ ನಿವಾರಣೆ, ಕೊನೆಯಲ್ಲಿ ಚೂಪು. ವೈಟ್ ಬ್ಯಾಲೆನ್ಸನ್ನು ಕೊನೆಗೆ ಇಟ್ಟುಕೊಂಡರೆ ಅಷ್ಟರವರೆಗೆ ಮಾಡಿದ ಬಣ್ಣದ ಕೆಲಸವೆಲ್ಲ ಜಾರುತ್ತದೆ. ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆ ಒಂದರ ತಿದ್ದುಪಡಿಯನ್ನು ಉಳಿದವುಗಳಿಗೆ ನಕಲಿಸಿ.

ತಂತ್ರಾಂಶ ರಾ ಫೈಲಿನ ಅಳತೆಗಳನ್ನು ಮುಟ್ಟುವುದಿಲ್ಲ. ತಿದ್ದುಪಡಿಗಳ ಸೂಚನೆಯನ್ನು ಸಾಮಾನ್ಯವಾಗಿ ತನ್ನ ಕ್ಯಾಟಲಾಗ್‌ನಲ್ಲೋ (ಚಿತ್ರಗಳ ದಾಖಲೆಯಲ್ಲೋ) ಪಕ್ಕದ ಎಕ್ಸ್‌ಎಂಪಿಯಂಥ ಪುಟ್ಟ ಫೈಲಿನಲ್ಲೋ ಬರೆಯುತ್ತದೆ. ರಾ ಫೈಲುಗಳನ್ನು ಬೇರೆ ಫೋಲ್ಡರಿಗೆ ಸಾಗಿಸುವಾಗ ಆ ಪುಟ್ಟ ಫೈಲುಗಳನ್ನು ಕಸವೆಂದು ಅಳಿಸಿದರೆ ನಿಮ್ಮ ಕೆಲಸವೂ ಅದರೊಂದಿಗೆ ಹೋಯಿತು.

ಕೊನೆಯಲ್ಲಿ ಹೊರತೆಗೆಯುವುದು. ಪರದೆಗೆ ಮತ್ತು ಹಂಚಿಕೆಗೆ ಎಸ್‌ಆರ್‌ಜಿಬಿ ಜೆಪೆಗ್ ಸಾಕು. ಮುಂದೆ ಇನ್ನೂ ತಿದ್ದಬೇಕಿದ್ದರೆ 16 ಬಿಟ್ ಟಿಫ್ (ನಷ್ಟವಿಲ್ಲದೆ ಉಳಿಸುವ ಫಾರ್ಮ್ಯಾಟ್). ಕಂಪ್ಯೂಟರ್ ಹತ್ತಿರವಿಲ್ಲದಾಗ ಹಲವು ಕ್ಯಾಮೆರಾಗಳು ಒಳಗೇ ರಾವನ್ನು ಜೆಪೆಗ್ ಮಾಡಿಕೊಡುತ್ತವೆ. ಪ್ಲೇಬ್ಯಾಕ್ ಮೆನುವಿನಲ್ಲಿ ಹುಡುಕಿ.

## ಹಂತ 7: ಜೆಪೆಗ್ ಆರಿಸಿದ್ದರೆ

ಮೂಲವನ್ನು ಎಂದೂ ತಿದ್ದಿ ಉಳಿಸಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ತಿದ್ದಿ ಉಳಿಸಿದಾಗಲೆಲ್ಲ ಸಂಕೋಚನ ಮತ್ತೆ ನಡೆದು ಇನ್ನಷ್ಟು ಸೂಕ್ಷ್ಮ ಹೋಗುತ್ತದೆ. ಬರೀ ತೆರೆದು ನೋಡಿ ಮುಚ್ಚಿದರೆ ಏನೂ ಆಗುವುದಿಲ್ಲ, ಆ ಭಯ ಬೇಡ. ಸಂದೇಶ ಆ್ಯಪ್‌ಗಳ ಮೂಲಕ ಕಳುಹಿಸುವಾಗ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ. ಮುದ್ರಣಕ್ಕೆ ಬೇಕಾದ್ದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ.

## ಮೊಬೈಲ್‌ನಲ್ಲಿ ರಾ

ಮೊಬೈಲ್ ಕ್ಯಾಮೆರಾ ಒಂದು ಒತ್ತಿಗೆ ಹಲವು ಚಿತ್ರ ತೆಗೆದು ಜೋಡಿಸಿ ಜೆಪೆಗ್ ಅಥವಾ ಅದರಂಥದೇ ಇನ್ನೊಂದು ಫಾರ್ಮ್ಯಾಟ್ ಆದ ಎಚ್‌ಇಐಎಫ್ ಕೊಡುತ್ತದೆ. ಸಾಮಾನ್ಯ ಡಿಎನ್‌ಜಿ (ಅಡೋಬಿ ರೂಪಿಸಿದ ರಾ ಫಾರ್ಮ್ಯಾಟ್) ರಾದಲ್ಲಿ ಆ ಜೋಡಣೆ ಇರುವುದಿಲ್ಲ, ಹಾಗಾಗಿ ಕಣಗಳು ಹೆಚ್ಚು. ಐಫೋನ್ 12 ಪ್ರೊದೊಂದಿಗೆ 2020ರಲ್ಲಿ ಬಂದ ಪ್ರೊರಾದಂಥವು ಜೋಡಣೆಯ ಲಾಭವನ್ನೂ ಉಳಿಸಿಕೊಳ್ಳುತ್ತವೆ, ಫೈಲ್ ಮಾತ್ರ ಹಲವು ಪಟ್ಟು ದೊಡ್ಡದು. ದಿನನಿತ್ಯಕ್ಕೆ ಬೇಡ, ಭೂದೃಶ್ಯವನ್ನು ಮನಸ್ಸಿಟ್ಟು ತೆಗೆಯುವಾಗ ಬಳಸಿ.

## ಎಚ್ಚರಿಕೆಯ ಲಕ್ಷಣಗಳು

ಮೂರು ತಿಂಗಳ ಹಿಂದಿನ ರಾ ಫೋಲ್ಡರುಗಳು ಇನ್ನೂ ತೆರೆಯದೆ ಬಿದ್ದಿದ್ದರೆ, ಮುಂದಿನ ಬಾರಿ ಜೆಪೆಗ್ ಇಡಿ. ಪ್ರತಿ ಜೆಪೆಗ್‌ನಲ್ಲೂ ಒಂದು ಸ್ಟಾಪ್‌ಗಿಂತ ಹೆಚ್ಚು ತಿದ್ದುತ್ತಿದ್ದರೆ, ರಾಗೆ ಬದಲಾಗುವ ಕಾಲ ಬಂದಿದೆ.

ತಿಳಿನೀಲಿ ಆಕಾಶದಲ್ಲಿ ಬಣ್ಣ ಜಾರುವ ಬದಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ 8 ಬಿಟ್‌ನ ಮಿತಿ ಮುಟ್ಟಿದ್ದೀರಿ. ಮುಂದೆ ಎಳೆಯಬೇಡಿ, ತಿದ್ದುಪಡಿಯನ್ನು ಹಿಂದಕ್ಕೆ ತನ್ನಿ. ರಾದಲ್ಲಿ ಹೊಳಪು ಇಳಿಸಿದಾಗ ಬಿಳಿ ಮೋಡದ ಅಂಚು ಗುಲಾಬಿಯಾದರೆ ಹಸಿರು ವಾಹಿನಿ ಕತ್ತರಿಸಿ ಹೋಗಿದೆ ಎಂದು ಅರ್ಥ. ಆ ಭಾಗವನ್ನು ಬಿಳಿಯಾಗಿಯೇ ಬಿಡುವುದು ಒಳ್ಳೆಯದು.

ಹೊಸ ಕ್ಯಾಮೆರಾದ ರಾ ಫೈಲ್ ತೆರೆಯುವುದಿಲ್ಲ ಎಂದಾದರೆ ಫೈಲ್ ಕೆಟ್ಟಿರುವ ಸಾಧ್ಯತೆ ಕಡಿಮೆ, ತಂತ್ರಾಂಶ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ನವೀಕರಿಸಲಾಗದಿದ್ದರೆ ಅಡೋಬಿಯ ಉಚಿತ ಡಿಎನ್‌ಜಿ ಪರಿವರ್ತಕದಿಂದ ಬದಲಿಸಿಕೊಂಡು ತೆರೆಯಬಹುದು. ಈ ಪರೀಕ್ಷೆಯನ್ನು ಕ್ಯಾಮೆರಾ ಕೈಗೆ ಬಂದ ದಿನವೇ ಮಾಡಿ. ಅಲ್ಲಿಯವರೆಗೆ ಮುಖ್ಯ ಚಿತ್ರಗಳಿಗೆ ಜೆಪೆಗ್ ಪ್ರತಿಯೂ ಜೊತೆಯಲ್ಲಿರಲಿ.